ಹಲಗೆಯ ನೆಲಕ್ಕೆ ಬಿಳುಪು

ಗೋಡೆಗೆ ಸುಣ್ಣ ಬಳಿಯುವುದೆಂದರೆ ನಮ್ಮವರಿಗೆ ಹೊಸ ಮಾತಲ್ಲ. ಹಬ್ಬಕ್ಕೋ ಜಾತ್ರೆಗೋ ಮದುವೆಗೋ ಮುನ್ನ ಮನೆಗೆ ಒಂದು ಕೈ ಸುಣ್ಣ ಬೀಳದಿದ್ದರೆ ಮನೆಯೊಡತಿಗೆ ಸಮಾಧಾನವಿರುವುದಿಲ್ಲ. ಆದರೆ ನೆಲಕ್ಕೆ ಬಿಳಿಯ ಬಣ್ಣ ಬಳಿಯುವುದೆಂದರೆ ಹೆಚ್ಚಿನವರು ನಕ್ಕುಬಿಡುವರು. ನೆಲವೆಂಬುದು ಕಾಲಿಡುವ ಸ್ಥಳ. ಅದು ಕೊಳೆಯಾಗದೆ ಇರುವುದಿಲ್ಲ. ಕೊಳೆಯಾಗುವ ವಸ್ತುವಿಗೆ ಬಿಳುಪೇಕೆ, ಎಂಬುದು ಅವರ ಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದೇ. ಆದರೂ ಸ್ವೀಡನ್, ಡೆನ್ಮಾರ್ಕ್, ನಾರ್ವೆ ಮೊದಲಾದ ಉತ್ತರದ ದೇಶಗಳಲ್ಲಿ ಮರದ ಹಲಗೆಯ ನೆಲವನ್ನು ಕ್ಷಾರದ ನೀರಿನಿಂದಲೂ ಸಾಬೂನಿನಿಂದಲೂ ತೊಳೆದು ತೊಳೆದು ಬೆಳ್ಳಗೆ ಮಾಡಿಕೊಳ್ಳುವ, ಅಥವಾ ನೇರವಾಗಿ ಬಿಳಿಯ ಬಣ್ಣವನ್ನೇ ಬಳಿದುಬಿಡುವ ವಾಡಿಕೆ ಉಂಟು. ಅಲ್ಲಿಯ ಜನ ಕೊಳೆಯನ್ನು ಕಾಣದವರಲ್ಲ. ಚಳಿಗಾಲದ ಸೂರ್ಯ ಅವರಿಗೆ ದಿನಕ್ಕೆ ಕೆಲವೇ ಗಂಟೆಗಳ ಕಾಲ ಮುಖ ತೋರಿಸುತ್ತಾನೆ. ಬಂದಷ್ಟು ಬೆಳಕನ್ನು ವ್ಯರ್ಥಮಾಡದೆ ಮನೆಯೊಳಗೆ ಹರಡಿಕೊಳ್ಳಬೇಕೆಂಬುದು ಅವರ ಉದ್ದೇಶ.

ಬಿಸಿಲಿಗೆ ಬಡತನವಿಲ್ಲದ ನಮ್ಮ ನಾಡಿಗೆ ಈ ಮಾತು ಹೇಗೆ ಅನ್ವಯಿಸೀತು? ಇದನ್ನು ತಿಳಿಯಬೇಕಾದರೆ ಒಂದು ಊರನ್ನು ಎದುರಿಗಿಟ್ಟುಕೊಂಡು ನೋಡುವುದು ಲೇಸು. ನಾವು ಬಾದಾಮಿಯನ್ನು ಆರಿಸಿಕೊಂಡಿದ್ದೇವೆ. ಬಿಸಿಲು ಹೇರಳವಾಗಿರುವ ಆ ಊರಿನ ಹಳೆಯ ಮನೆಗಳೊಳಗೆ ಕತ್ತಲೆಯೂ ಹೇರಳವಾಗಿದೆ ಎಂಬುದೇ ಅದಕ್ಕೆ ಕಾರಣ.

ಬಾದಾಮಿಯ ಗುಡ್ಡಗಳು ಕೆಂಪು ಮರಳುಗಲ್ಲಿನವು. 543ರಲ್ಲಿ ಮೊದಲನೆಯ ಪುಲಕೇಶಿ ಈ ಬಂಡೆಗಳ ಮೇಲೆಯೇ ಕೋಟೆಯನ್ನು ಕಟ್ಟಿಸಿದನು. 578ರಲ್ಲಿ ಮಂಗಳೇಶನು ಮಾಡಿಸಿದ ಮೂರನೆಯ ಗುಹೆಯೂ ಇದೇ ಕಲ್ಲಿನಲ್ಲಿ ಮೂಡಿತು. ಊರಿನ ಮನೆಗಳಿಗೂ ಕಲ್ಲು ಬೇರೆ ಕಡೆಯಿಂದ ಬರಬೇಕಾಗಿಲ್ಲ. ಮರಳುಗಲ್ಲನ್ನು ಮಣ್ಣಿನ ಕೆಸರಿನಲ್ಲಿ ಕೂರಿಸಿ ಎಬ್ಬಿಸಿದ ದಪ್ಪ ಗೋಡೆಗಳು. ಆ ಗೋಡೆಗಳ ನಡುವೆ ಮರದ ಕಂಬಗಳು. ಕಂಬಗಳ ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಹಲಗೆ, ಹಲಗೆಯ ಮೇಲೆ ದಪ್ಪವಾಗಿ ಹಾಕಿ ಬಡಿದ ಮಣ್ಣು: ಹಳೆಯ ಮಾಳಿಗೆಯ ಮನೆಯೆಂದರೆ ಇದು. ಬೇಸಿಗೆಯಲ್ಲಿ ಹೊರಗಿನ ಉಷ್ಣತೆ 40 ಡಿಗ್ರಿ ಸೆಂಟಿಗ್ರೇಡನ್ನು ಮುಟ್ಟುವ ಸೀಮೆಯಲ್ಲಿ ಇಂತಹ ಮನೆ ಒಳಗೆ ತಂಪಾಗಿರುತ್ತದೆ. ಆದರೆ ತಂಪಿಗೆ ತೆರಬೇಕಾದ ಬೆಲೆಯೊಂದುಂಟು. ಗೋಡೆ ದಪ್ಪವಾದಷ್ಟೂ ಕಿಟಕಿ ಚಿಕ್ಕದು. ಕಿಟಕಿ ಚಿಕ್ಕದಾದಷ್ಟೂ ಕೋಣೆ ಕತ್ತಲೆ. ಕಾಳಿನ ಚೀಲಗಳನ್ನಿಡುವ ಅಟ್ಟದಲ್ಲಂತೂ ಹಗಲಿನಲ್ಲಿಯೇ ದೀಪ ಬೇಕಾಗುತ್ತದೆ.

ಈ ಕತ್ತಲೆಯನ್ನು ನೀಗಲು ಹಿರಿಯರು ಮಾಡಿಕೊಂಡ ಉಪಾಯ ಬೆಳಕಿಂಡಿ. ಮಾಳಿಗೆಯಲ್ಲಿ ಒಂದು ಗೇಣೋ ಒಂದು ಮೊಳವೋ ಅಗಲದ ಕಿಂಡಿಯನ್ನು ಬಿಟ್ಟು, ಮಳೆ ಬಂದಾಗ ಅದನ್ನು ಮುಚ್ಚುವ ಏರ್ಪಾಡು ಮಾಡುವರು. ಬೆಳಕಿಂಡಿಯಿಂದ ಬರುವ ಬೆಳಕಿನ ದಾರಿಯನ್ನು ಇಲ್ಲಿ ಗಮನಿಸಬೇಕು. ಗೋಡೆಯ ಕಿಟಕಿಯಿಂದ ಬಂದ ಬೆಳಕು ಎದುರಿನ ಗೋಡೆಯ ಮೇಲೂ ಬೀಳುತ್ತದೆ. ಬೆಳಕಿಂಡಿಯ ಬೆಳಕಾದರೋ ಹೆಚ್ಚಾಗಿ ನೆಟ್ಟಗೆ ಕೆಳಗಿಳಿದು ನೆಲವನ್ನೇ ಮುಟ್ಟುತ್ತದೆ. ಅಲ್ಲಿಂದ ಮೇಲೆದ್ದು ಗೋಡೆಗೂ ಜಂತೆಗೂ ತಗುಲಿದ ಮೇಲೆಯೇ ಅದು ಮೂಲೆಗಳಿಗೆ ಹಂಚಿಹೋಗಬೇಕು. ಆದುದರಿಂದ ಇಂತಹ ಕೋಣೆಯಲ್ಲಿ ಬೆಳಕನ್ನು ಹಂಚುವ ಅಧಿಕಾರಿ ಗೋಡೆಯಲ್ಲ, ನೆಲ. ಹೊಸದಾಗಿ ಸುಣ್ಣ ಬಳಿದ ಮೈ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪಾಲನ್ನು ಹಿಂದಿರುಗಿಸುತ್ತದೆ. ವರ್ಷಾನುಗಟ್ಟಲೆ ಹೊಗೆ, ಎಣ್ಣೆ, ಧೂಳುಗಳನ್ನು ಕುಡಿದು ಕಪ್ಪಾದ ಹಲಗೆಯೋ ಐದರಲ್ಲಿ ಒಂದು ಪಾಲನ್ನು ಹಿಂದಿರುಗಿಸಿದರೆ ಅದೇ ಹೆಚ್ಚು. ಉಳಿದದ್ದನ್ನು ಅದು ನುಂಗಿಬಿಡುತ್ತದೆ. ಗೋಡೆಗೆ ಎಷ್ಟು ಕೈ ಸುಣ್ಣ ಹಚ್ಚಿದರೂ ಅಟ್ಟ ಬೆಳಗದಿರುವುದಕ್ಕೆ ಇದೇ ಕಾರಣ.

ಹಾಗಾದರೆ ಹಲಗೆಯ ನೆಲಕ್ಕೂ ಸುಣ್ಣವನ್ನೇ ಬಳಿದರಾಗದೆ? ಆಗದು. ಏಕೆ ಆಗದೆಂಬುದನ್ನು ತಿಳಿಯಲು ಸುಣ್ಣದ ಸ್ವಭಾವವನ್ನು ಸ್ವಲ್ಪ ನೋಡಬೇಕು.

ಬಾದಾಮಿಗೆ ಉತ್ತರದಲ್ಲಿ, ಬಾಗಲಕೋಟೆ, ಲೋಕಾಪುರ, ಮುಧೋಳಗಳ ಸುತ್ತಿನಲ್ಲಿ, ಭೂವಿಜ್ಞಾನಿಗಳು ಕಲಾದಗಿ ಶ್ರೇಣಿಯೆಂದು ಕರೆಯುವ ಬಂಡೆಗಳಲ್ಲಿ ಸುಣ್ಣಕಲ್ಲಿನ ಪದರಗಳಿವೆ. ಸುಣ್ಣಕಲ್ಲನ್ನು ಗೂಡಿನಲ್ಲಿಟ್ಟು ಸುಮಾರು 900 ಡಿಗ್ರಿಯವರೆಗೆ ಕಾಯಿಸಿದರೆ ಅದರೊಳಗಿನ ಇಂಗಾಲಾಮ್ಲ ವಾಯು ಹೊರಟುಹೋಗುತ್ತದೆ. ಶುದ್ಧವಾದ 100 ಸೇರು ಕಲ್ಲು ಸುಟ್ಟರೆ 44 ಸೇರು ವಾಯುವಾಗಿ ಹೋಗಿ, 56 ಸೇರು ಸುಟ್ಟ ಸುಣ್ಣ ಉಳಿಯುತ್ತದೆ. ಇದಕ್ಕೆ ನೀರು ಹಾಕಿದೊಡನೆ ಬುಸುಗುಟ್ಟಿ ಕುದಿದು, 18 ಸೇರು ನೀರನ್ನು ತನ್ನಲ್ಲಿ ಸೇರಿಸಿಕೊಂಡು, 74 ಸೇರು ಅರಳಿದ ಸುಣ್ಣವಾಗುತ್ತದೆ. ಇದನ್ನು ಮತ್ತಷ್ಟು ನೀರಿನಲ್ಲಿ ಕದಡಿ ಗೋಡೆಗೆ ಬಳಿದಾಗ, ಅದು ಗಾಳಿಯಿಂದ ಇಂಗಾಲಾಮ್ಲ ವಾಯುವನ್ನು ಮರಳಿ ಹೀರಿಕೊಂಡು, ಕುಡಿದ ನೀರನ್ನು ಬಿಟ್ಟುಕೊಟ್ಟು, ಪುನಃ 100 ಸೇರು ಕಲ್ಲೇ ಆಗುತ್ತದೆ. ಎಂದರೆ ಸುಣ್ಣ ಬಳಿಯುವುದೆಂದರೆ ಬಣ್ಣ ಹಚ್ಚುವುದಲ್ಲ; ಗೋಡೆಗೆ ಕಾಗದದಷ್ಟು ತೆಳುವಾದ ಒಂದು ಕಲ್ಲಿನ ಹೊದಿಕೆಯನ್ನು ಹೊದಿಸುವುದು. ಕಲ್ಲಿಗೆ, ಗಾರೆಗೆ, ಮಣ್ಣಿಗೆ ಈ ಹೊದಿಕೆ ಒಪ್ಪುತ್ತದೆ. ಅವುಗಳ ಸೂಕ್ಷ್ಮ ರಂಧ್ರಗಳಲ್ಲಿ ಅದು ಬೇರೂರುತ್ತದೆ. ಗೋಡೆಯ ತೇವ ಅದರ ಮೂಲಕ ಆರಿಹೋಗುವುದಕ್ಕೂ ಅಡ್ಡಿಯಿಲ್ಲ. ಮೂರನೆಯ ಗುಹೆಯ ಚಿತ್ರಗಾರರು ಬರಿಯ ಮರಳುಗಲ್ಲಿನ ಮೇಲೆ ಬಣ್ಣವಿಡದೆ, ಮೊದಲು ತೆಳುವಾದ ಗಾರೆಯ ಲೇಪವನ್ನು ಕೊಟ್ಟು ಅದರ ಮೇಲೆ ಬರೆದದ್ದು ಇಂತಹ ವಿವೇಕದಿಂದಲೇ.

ಮರದ ಗುಣ ಬೇರೆ. ಕಡಿದು ನೂರು ವರ್ಷವಾದರೂ ಹಲಗೆ ಗಾಳಿಯ ತೇವಕ್ಕೆ ತಕ್ಕಂತೆ ಚಲಿಸುತ್ತಲೇ ಇರುತ್ತದೆ. ಮಳೆಗಾಲದಲ್ಲಿ ಅಗಲಕ್ಕೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಉದ್ದದಲ್ಲಿ ಮಾತ್ರ ಹೆಚ್ಚು ಕಡಮೆಯಾಗುವುದಿಲ್ಲವೆನ್ನಬಹುದು. ಬಳುಕಲಾರದ ಸುಣ್ಣದ ಹೊದಿಕೆ ಈ ಚಲನೆಗೆ ಒಗ್ಗದೆ ಬಿರಿಯುತ್ತದೆ. ಕಾಲಿನ ತುಳಿತಕ್ಕೆ ಪುಡಿಯಾಗಿ ಏಳುತ್ತದೆ. ಸಾಲದುದಕ್ಕೆ ಸುಣ್ಣದ ಕ್ಷಾರವು ತೇಗವೇ ಮೊದಲಾದ ಮರಗಳ ಒಳಗಿನ ಒಗರಿನೊಡನೆ ಸೇರಿ ಕಂದು ಕಲೆಗಳನ್ನು ಹುಟ್ಟಿಸುತ್ತದೆ. ಹಲಗೆಗೆ ಬೇಕಾದದ್ದು ಕಲ್ಲಿನ ಹೊದಿಕೆಯಲ್ಲ, ಅದರೊಡನೆ ಬಳುಕಬಲ್ಲ ಚರ್ಮದಂತಹ ಹೊದಿಕೆ. ಅದನ್ನು ಕೊಡತಕ್ಕದ್ದು ಎಣ್ಣೆ.

ಎಲ್ಲ ಎಣ್ಣೆಯೂ ಒಂದೇ ತೆರನಲ್ಲ. ಕೊಬ್ಬರಿ ಎಣ್ಣೆಯನ್ನು ಹಲಗೆಗೆ ಸವರಿದರೆ ವರ್ಷವಾದರೂ ಜಿಡ್ಡು ಜಿಡ್ಡಾಗಿಯೇ ಇರುತ್ತದೆ. ಅಗಸೆಯ ಎಣ್ಣೆಯಾದರೆ ಕೆಲವು ದಿನಗಳಲ್ಲಿ ಒಣಗಿ ಗಟ್ಟಿಯಾಗುತ್ತದೆ. ಈ ಒಣಗುವಿಕೆ ನೀರು ಆರಿದಂತಲ್ಲ. ಎಣ್ಣೆಯಿಂದ ಏನೂ ಆವಿಯಾಗಿ ಹೋಗುವುದಕ್ಕೆ ಬದಲಾಗಿ ಗಾಳಿಯ ಆಮ್ಲಜನಕ ಅದರೊಳಗೆ ಸೇರಿ, ಅದರ ಕಣಗಳನ್ನು ಒಂದಕ್ಕೊಂದು ಹೆಣೆದು ಬಲೆಯಾಗಿಸುತ್ತದೆ. ಹೀಗೆ ಗಟ್ಟಿಯಾಗುವಾಗ ಎಣ್ಣೆಯ ತೂಕ ಮೊದಮೊದಲು ಹೆಚ್ಚುತ್ತದೆಯೇ ಹೊರತು ಇಳಿಯುವುದಿಲ್ಲ. ಅಗಸೆಯನ್ನು ಬಾದಾಮಿಯ ಕಡೆಯವರಿಗೆ ಪರಿಚಯ ಮಾಡಿಕೊಡಬೇಕಾಗಿಲ್ಲ. ರೊಟ್ಟಿಯೊಡನೆ ಅಗಸೆಯ ಹಿಂಡಿಯನ್ನು ತಿನ್ನುವ ಜನರೇ ಅವರು. ಆದರೆ ಬಿಳಿಯ ಬಣ್ಣಕ್ಕೆ ಅಗಸೆ ಎಣ್ಣೆಯಲ್ಲಿ ಒಂದು ದೋಷವುಂಟು: ಬೆಳಕು ಕಡಮೆಯಿರುವ ಸ್ಥಳದಲ್ಲಿ ಅದು ಬೇಗ ಹಳದಿಗೆ ತಿರುಗುತ್ತದೆ. ಬೆಳಕು ಬೇಕೆಂದು ಬಿಳುಪನ್ನು ಬಯಸುವ ಕತ್ತಲೆಯ ಕೋಣೆಯಲ್ಲಿಯೇ ಈ ದೋಷ ಹೆಚ್ಚು ಎದ್ದು ಕಾಣುವುದು. ಇದಕ್ಕೆ ಪರಿಹಾರವೂ ಆ ಸೀಮೆಯ ಎರೆಹೊಲದಲ್ಲಿಯೇ ಬೆಳೆಯುತ್ತದೆ. ಕುಸುಬೆಯ ಎಣ್ಣೆ ಅಗಸೆಯಷ್ಟು ಬೇಗ ಒಣಗದಿದ್ದರೂ ಅದರಷ್ಟು ಹಳದಿಯಾಗುವುದಿಲ್ಲ. ಆದುದರಿಂದಲೇ ಚಿತ್ರಕಾರರಿಗೆ ಬಿಳಿಯ ಬಣ್ಣ ತಯಾರಿಸುವವರು ಕುಸುಬೆ ಎಣ್ಣೆಯನ್ನು ಬಳಸುವುದುಂಟು.

ಎಣ್ಣೆ ದೊರೆಯಿತು, ಇನ್ನು ಬಿಳುಪು ಬೇಕು. ಅಗ್ಗವಾದ ಸೀಮೆಸುಣ್ಣದ ಪುಡಿಯನ್ನೇ ಎಣ್ಣೆಯಲ್ಲಿ ಕಲಸಿದರಾಗದೆ, ಎಂದು ಕೇಳಬಹುದು. ಕಲಸಿ ನೋಡಿದರೆ ದೊರೆಯುವುದು ಬಿಳಿಯ ಬಣ್ಣವಲ್ಲ, ಕಿಟಕಿಯ ಗಾಜನ್ನು ಕೂರಿಸುವ ಮಾಸಲು ಪುಟ್ಟಿ. ಇದು ವಿಚಿತ್ರವಾಗಿ ತೋರಿದರೂ ಕಾರಣ ಸರಳವಾಗಿದೆ. ಪುಡಿಯೊಂದು ಬೆಳ್ಳಗೆ ಕಾಣುವುದು ಅದರ ಕಣಗಳಿಗೂ ಸುತ್ತಣ ವಸ್ತುವಿಗೂ ಬೆಳಕನ್ನು ಬಾಗಿಸುವ ಶಕ್ತಿಯಲ್ಲಿ ಅಂತರವಿದ್ದಾಗ. ಗಾಳಿಯ ಶಕ್ತಿಯನ್ನು 1 ಎಂದಿಟ್ಟುಕೊಂಡರೆ ಸುಣ್ಣಕಲ್ಲಿನದು ಸುಮಾರು 1.6, ನೀರಿನದು 1.33, ಎಣ್ಣೆಯದು ಸುಮಾರು 1.5. ಗಾಳಿಯಲ್ಲಿ ಸುಣ್ಣ ಬೆಳ್ಳಗಿದೆ. ಎಣ್ಣೆಯಲ್ಲಿ ಅಂತರ ಅಳಿದುಹೋಗಿ ಅದು ಪಾರದರ್ಶಕದಂತಾಗುತ್ತದೆ. ಸುಣ್ಣ ಬಳಿಯುವಾಗ ಹಸಿಯ ಗೋಡೆ ಮಂಕಾಗಿದ್ದು, ಒಣಗಿದ ಮೇಲೆ ಬೆಳ್ಳಗಾಗುವುದನ್ನು ಎಲ್ಲರೂ ನೋಡಿದ್ದೇವಷ್ಟೆ. ಅದಕ್ಕೂ ಇದೇ ಕಾರಣ. ಎಣ್ಣೆಯಲ್ಲಿಯೂ ಬಿಳುಪನ್ನು ಬಿಡದಂತಹ ವಸ್ತು ಬೇಕಾದರೆ ಅದರ ಶಕ್ತಿ 1.6ನ್ನು ಬಹಳ ಮೀರಿರಬೇಕು.

ಅಂತಹ ವಸ್ತುಗಳು ಮೂರು. ಮೊದಲನೆಯದು ಸೀಸದಿಂದ ಮಾಡಿದ ಸಫೇದ. ಇದು ಅತ್ಯಂತ ಪುರಾತನವಾದದ್ದು, ಮರಕ್ಕೆ ಚೆನ್ನಾಗಿ ಅಂಟತಕ್ಕದ್ದು, ಮತ್ತು ವಿಷ. ಎರಡನೆಯದು ಸತುವಿನ ಸಫೇದ. ಇದು ಸೀಸದಂತೆ ವಿಷವಲ್ಲ. ಆದರೆ ಕಾಲ ಕಳೆದಂತೆ ಪೆಡಸಾಗಿ ಬಿರಿಯುವ ಸ್ವಭಾವದ್ದಾದುದರಿಂದ ನೆಲಕ್ಕೆ ಒಳ್ಳೆಯದಲ್ಲ. ಮೂರನೆಯದು ಟೈಟೇನಿಯಂ ಎಂಬ ಲೋಹದ ಭಸ್ಮ. ಬೆಳಕನ್ನು ಬಾಗಿಸುವ ಇದರ ಶಕ್ತಿ 2.5ಕ್ಕೂ ಮೇಲೆ. 1916ರ ಸುಮಾರಿಗೆ ಅಮೆರಿಕ, ನಾರ್ವೆಗಳಲ್ಲಿ ಇದರ ತಯಾರಿಕೆ ಕಾರ್ಖಾನೆಯ ಮಟ್ಟಕ್ಕೆ ಬಂದಿತು. ಇದರ ಅದಿರು ತಿರುವಾಂಕೂರಿನ ಕಡಲತೀರದ ಕಪ್ಪು ಮರಳಿನಲ್ಲಿ ಸಮೃದ್ಧವಾಗಿರುವುದರಿಂದ, ಆ ಸಂಸ್ಥಾನದಲ್ಲಿಯೇ 1946ರಲ್ಲಿ ಟೈಟೇನಿಯಂ ಕಾರ್ಖಾನೆಯೊಂದು ಸ್ಥಾಪಿತವಾಯಿತು. ಈಗ ಅಂಗಡಿಯಲ್ಲಿ ದೊರೆಯುವ ಒಳ್ಳೆಯ ಬಿಳಿಯ ಬಣ್ಣಗಳಲ್ಲಿ ಬಿಳುಪಿಗೆ ಕಾರಣವಾದದ್ದು ಸಾಮಾನ್ಯವಾಗಿ ಇದೇ.

ಸೀಸದ ಮಾತನ್ನು ಇಷ್ಟಕ್ಕೇ ಬಿಡುವಂತಿಲ್ಲ. ಸೀಸ ದೇಹದಲ್ಲಿ ಸೇರಿದರೆ ದೊಡ್ಡವರಿಗೂ ಕೇಡು. ಬೆಳೆಯುವ ಮಕ್ಕಳಿಗಂತೂ ಅದು ಮೆದುಳಿನ ಬೆಳವಣಿಗೆಯನ್ನೇ ಕುಂದಿಸುತ್ತದೆ. ನೆಲದ ಮೇಲೆ ತೆವಳುವ ಕೂಸು ಕೈಯನ್ನು ಬಾಯಿಗಿಡದೆ ಇರುವುದುಂಟೆ? ಗೋಡೆಯ ಬಣ್ಣಕ್ಕಿಂತ ನೆಲದ ಬಣ್ಣದಲ್ಲಿ ಸೀಸವಿರುವುದು ಹೆಚ್ಚು ಅಪಾಯವೆಂಬುದು ಇದರಿಂದಲೇ ತಿಳಿಯುತ್ತದೆ. ಮನೆಯೊಳಗಿನ ಕೆಲಸಕ್ಕೆ ಸೀಸದ ಸಫೇದವನ್ನು ಬಳಸಕೂಡದೆಂಬ ಅಂತರರಾಷ್ಟ್ರೀಯ ಒಪ್ಪಂದ 1921ರಲ್ಲಿಯೇ ಜಿನೀವಾದಲ್ಲಿ ಆಯಿತು. ನಮ್ಮ ದೇಶದಲ್ಲಿ 2016ರಲ್ಲಿ ರಚಿತವಾದ ನಿಯಮಗಳು 2017ರ ನವೆಂಬರ್ 1ರಿಂದ ಜಾರಿಗೆ ಬಂದು, ಮನೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷ ಪಾಲಿನಲ್ಲಿ 90 ಪಾಲನ್ನು ಮೀರಕೂಡದೆಂದು ವಿಧಿಸಿದವು. ಡಬ್ಬಿಯ ಮೇಲೆ ಈ ವಿಷಯ ಬರೆದಿದೆಯೇ ಎಂದು ಕೊಳ್ಳುವವರು ಓದಿ ನೋಡಬೇಕು. ಆದರೆ ಹೊಸ ಡಬ್ಬಿಗಿಂತ ಹಳೆಯ ಹಲಗೆಯೇ ಹೆಚ್ಚು ಅಪಾಯಕರ. ತಾತನ ಕಾಲದಲ್ಲಿ ಬಳಿದ ಬಣ್ಣದಲ್ಲಿ ಸೀಸವಿತ್ತೆಂದೇ ಭಾವಿಸಿ ನಡೆಯುವುದು ಕ್ಷೇಮ. ಅದನ್ನು ಒಣದಾಗಿ ಕೆರೆಯಬಾರದು. ಬೆಂಕಿ ತೋರಿಸಿ ಸುಲಿಯಬಾರದು. ನೀರು ಚಿಮುಕಿಸಿ, ಹಸಿಯಾಗಿಯೇ ಉಜ್ಜಿ, ಬಂದ ಕಸವನ್ನು ಒದ್ದೆಬಟ್ಟೆಯಿಂದ ಒರೆಸಿ ತೆಗೆಯಬೇಕು. ಕೆಲಸ ನಡೆಯುವಷ್ಟು ದಿನ ಮಕ್ಕಳನ್ನೂ ಗರ್ಭಿಣಿಯರನ್ನೂ ಆ ಕಡೆಗೆ ಬಿಡಕೂಡದು.

ಈಗ ಕೆಲಸದ ಕ್ರಮವನ್ನು ಹೇಳುತ್ತೇವೆ. ಕಾಲವನ್ನು ಆರಿಸುವುದು ಮೊದಲು. ಮಳೆಗಾಲದಲ್ಲಿ ಹಲಗೆ ಉಬ್ಬಿರುತ್ತದೆ, ಬಣ್ಣ ಒಣಗುವುದಿಲ್ಲ. ಕಡುಬೇಸಿಗೆಯಲ್ಲಿ ಗಾಳಿ ಕೆಂಧೂಳನ್ನು ತಂದು ಹಸಿ ಬಣ್ಣದ ಮೇಲೆ ಸುರಿಯುತ್ತದೆ. ದೀಪಾವಳಿ ಕಳೆದು ಹೋಳಿಹುಣ್ಣಿಮೆ ಬರುವುದರೊಳಗಿನ ದಿನಗಳು ಉತ್ತಮ. ಹಲಗೆಗಳನ್ನು ಒಂದೊಂದಾಗಿ ಬಡಿದು ನೋಡಬೇಕು. ಪೊಳ್ಳು ಸದ್ದು ಬಂದಲ್ಲಿ ಗೆದ್ದಲು ತಿಂದಿರಬಹುದು. ಅಂತಹ ಹಲಗೆಯನ್ನು ಬದಲಿಸದೆ ಬಣ್ಣ ಬಳಿಯುವುದು ಹುಣ್ಣಿನ ಮೇಲೆ ಗಂಧ ಹಚ್ಚಿದಂತೆ. ತಲೆಯೆತ್ತಿದ ಮೊಳೆಗಳನ್ನು ಒಳಕ್ಕೆ ಬಡಿಯಬೇಕು. ಬಳಿಕ ಬಟ್ಟೆಸೋಡದ ಬಿಸಿನೀರಿನಿಂದ ಜಿಡ್ಡನ್ನು ತೊಳೆದು, ಸೋಡದ ಅಂಶ ಉಳಿಯದಂತೆ ಎರಡು ಸಲ ಬರಿಯ ನೀರಿನಿಂದ ಒರೆಸಿ, ನಾಲ್ಕಾರು ದಿನ ಒಣಗಲು ಬಿಡಬೇಕು. ಕ್ಷಾರ ಉಳಿದರೆ ಅದು ಎಣ್ಣೆಯನ್ನು ಸಾಬೂನಾಗಿಸಿ ಬಣ್ಣವನ್ನು ಏಳಿಸಿಬಿಡುತ್ತದೆ. ಹಸಿಯ ಸುಣ್ಣದ ಗೋಡೆಗೆ ಎಣ್ಣೆಬಣ್ಣ ನಿಲ್ಲದಿರುವುದೂ ಇದರಿಂದಲೇ.

ಒಣಗಿದ ಹಲಗೆಯನ್ನು ನಾರಿನ ಉದ್ದಕ್ಕೆ ಮರಳುಕಾಗದದಿಂದ ಉಜ್ಜಬೇಕು. ತೇಗದ ಹಲಗೆಯಾದರೆ ಅದರ ಸಹಜವಾದ ಬಣ್ಣ ಮೇಲಕ್ಕೆ ಊರಿ ಬಿಳುಪನ್ನು ಕೆಡಿಸುವುದರಿಂದ, ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗನ್ನು ಒಂದು ಕೈ ಕೊಡುವುದು ಒಳ್ಳೆಯದು. ಮರದ ಗಂಟುಗಳ ಮೇಲೆ ಎರಡು ಕೈ. ಹಲಗೆ ಹಲಗೆಗಳ ನಡುವಿನ ಸಂದಿಗೆ ಪುಟ್ಟಿಯನ್ನು ಮೆತ್ತುವವರುಂಟು. ಅದು ಒಂದು ಮಳೆಗಾಲ ಕಳೆಯುವುದರೊಳಗೆ ಉದುರುತ್ತದೆ. ಸಂದಿ ದೊಡ್ಡದಾಗಿದ್ದರೆ ಹತ್ತಿಯ ಹಗ್ಗವನ್ನು ಒತ್ತಿ ತುಂಬಬಹುದು; ಹಲಗೆ ಉಬ್ಬಿದಾಗ ಅದು ಅಮರಿಕೊಂಡು ಜಾಗ ಬಿಡುತ್ತದೆ. ಇದಾದ ಮೇಲೆ ತೆಳುವಾದ ಅಸ್ತರಿ. ಅದರ ಮೇಲೆ ನೆಲಕ್ಕೆಂದೇ ತಯಾರಾದ ಬಿಳಿಯ ಬಣ್ಣ ಎರಡು ಅಥವಾ ಮೂರು ಕೈ. ದಪ್ಪವಾಗಿ ಒಂದು ಕೈ ಬಳಿಯುವುದಕ್ಕಿಂತ ತೆಳುವಾಗಿ ಮೂರು ಕೈ ಬಳಿಯುವುದು ಯಾವಾಗಲೂ ಮೇಲು. ದಪ್ಪ ಬಣ್ಣದ ಮೇಲುಮೈ ಒಣಗಿ ಒಳಗು ಹಸಿಯಾಗಿಯೇ ಉಳಿದು ಸುಕ್ಕುಗಟ್ಟುತ್ತದೆ. ಬೆಳಕು ತೀರ ಕಡಮೆಯಿರುವ ಅಟ್ಟಕ್ಕೆ ನೀರಿನಲ್ಲಿ ಕದಡುವ ಅಕ್ರಿಲಿಕ್ ಬಣ್ಣವನ್ನು ಆರಿಸಿದರೆ ಹಳದಿಯಾಗುವ ಭಯವಿಲ್ಲ.

ಓಡಾಡದೆ ವಿಧಿಯಿಲ್ಲದ ಮನೆಯಲ್ಲಿ ಒಂದು ಹಲಗೆ ಬಿಟ್ಟು ಒಂದು ಹಲಗೆಗೆ ಬಳಿದು, ಅವು ಒಣಗಿದ ಮೇಲೆ ಉಳಿದವನ್ನು ಮುಗಿಸಬಹುದು. ಇಲ್ಲವಾದರೆ ದೂರದ ಮೂಲೆಯಿಂದ ತೊಡಗಿ ಏಣಿಮೆಟ್ಟಿಲ ಕಡೆಗೆ ಹಿಂದೆ ಹಿಂದೆ ಬರಬೇಕು. ಬರಿಗಾಲು ಜಾರದಂತೆ ಮೆಟ್ಟಿಲುಗಳ ಬಣ್ಣಕ್ಕೆ ಮಲಪ್ರಭೆಯ ಮರಳನ್ನು ತೊಳೆದು ಒಣಗಿಸಿ ವಸ್ತ್ರಗಾಳಿತ ಮಾಡಿ ಒಂದಿಷ್ಟು ಸೇರಿಸಬಹುದು. ಬಣ್ಣ ಮರುದಿನವೇ ಒಣಗಿದಂತೆ ಕಂಡರೂ ಒಂದು ವಾರ ಜೋಳದ ಚೀಲಗಳನ್ನಾಗಲಿ ಪೆಟ್ಟಿಗೆಗಳನ್ನಾಗಲಿ ಇಡಬಾರದು. ಇನ್ನೊಂದು ಎಚ್ಚರಿಕೆಯನ್ನು ಮರೆಯಬಾರದು. ಅಗಸೆ ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆಮಾಡಿ ಮೂಲೆಗೆ ಎಸೆದರೆ, ಎಣ್ಣೆ ಒಣಗುವಾಗ ಹುಟ್ಟುವ ಕಾವು ಹೊರಬೀಳಲಾರದೆ ಒಳಗೊಳಗೇ ಏರಿ, ಯಾರೂ ಕಡ್ಡಿ ಗೀರದೆಯೇ ಬೆಂಕಿ ಹತ್ತಬಹುದು. ಅಂತಹ ಬಟ್ಟೆಯನ್ನು ಬಯಲಲ್ಲಿ ಹರವಬೇಕು, ಇಲ್ಲವೆ ನೀರಿನಲ್ಲಿ ಮುಳುಗಿಸಿಡಬೇಕು.

ಎಲ್ಲಿ ಬಳಿಯಬೇಕೆಂಬುದರಷ್ಟೇ ಎಲ್ಲಿ ಬಳಿಯಬಾರದೆಂಬುದೂ ಮುಖ್ಯ. ಹಲಗೆಯ ಮೇಲುಮೈಗೆ ಬಣ್ಣ ಬಳಿದ ಮೇಲೆ ಕೆಳಮೈಯನ್ನು ಬರಿದಾಗಿಯೇ ಬಿಡಬೇಕು. ಎರಡು ಕಡೆಯೂ ಮುಚ್ಚಿದರೆ ಒಳಗೆ ಸೇರಿದ ತೇವಕ್ಕೆ ಹೋಗಲು ದಾರಿಯಿರುವುದಿಲ್ಲ. ಹಲಗೆಯ ಮೇಲೆ ಮಣ್ಣು ಬಡಿದ ಮಾಳಿಗೆಗೂ, ಕೆಳಗಿನ ಪರಸಿಯ ನೆಲಕ್ಕೂ ಈ ಬಣ್ಣ ಸಲ್ಲದು. ನೆಲದಿಂದ ಏರುವ ತೇವ ಅದನ್ನು ಹೊಪ್ಪಳೆಹೊಪ್ಪಳೆಯಾಗಿ ಎಬ್ಬಿಸುತ್ತದೆ. ಕೆತ್ತನೆಯ ಕಂಬ, ಬೋದಿಗೆ, ದ್ವಾರಬಂಧಗಳನ್ನಂತೂ ಕುಂಚ ಮುಟ್ಟಲೇಬಾರದು. ಕೆತ್ತನೆಯ ಸಂದಿಗಳಲ್ಲಿ ಬಣ್ಣ ಕೂತರೆ ಉಳಿಯ ಗೆರೆಯೇ ಅಳಿಸಿಹೋಗುತ್ತದೆ. ಮತ್ತೆ ತೆಗೆಯಹೋದರೆ ಮರವೇ ಕೆಡುತ್ತದೆ. ಆ ಸೀಮೆಯ ಮರಗೆಲಸ ಸಣ್ಣ ಪರಂಪರೆಯದಲ್ಲ. ಐಹೊಳೆಯ ಲಾಡಖಾನ ಗುಡಿಯ ಮಾಡಿನಲ್ಲಿ ಚಪ್ಪಡಿಗಳ ಸಂದಿಗಳನ್ನು ಮುಚ್ಚಿರುವ ಉದ್ದನೆಯ ಕಲ್ಲುಗಳು ಮರದ ದಿಮ್ಮಿಗಳಂತೆಯೇ ಇವೆ. ಮರದಲ್ಲಿ ಕಟ್ಟಿ ಪಳಗಿದ ಕೈಗಳೇ ಕಲ್ಲಿನಲ್ಲಿಯೂ ಕಟ್ಟಿದವೆಂದು ವಿದ್ವಾಂಸರು ಊಹಿಸುವುದಕ್ಕೆ ಇದೊಂದು ಆಧಾರ. ಆ ಕಾಲದ ಮರದ ಕಟ್ಟಡಗಳು ನಮಗೆ ಉಳಿದುಬಂದಿಲ್ಲ. ಇಂದಿಗೆ ಉಳಿದಿರುವ ಹಳೆಯ ಮನೆಗಳೂ ಕಡಮೆಯಾಗುತ್ತಿವೆ. ಆಲಮಟ್ಟಿಯ ಹಿನ್ನೀರಿನಿಂದ ಹಳೆಯ ಬಾಗಲಕೋಟೆಯ ಅನೇಕ ಓಣಿಗಳು ಮುಳುಗಿ, ಜನ ನವನಗರಕ್ಕೆ ಹೋಗಿ ನೆಲೆಸಬೇಕಾಯಿತು. ನೀರು ಬಾರದ ಊರುಗಳಲ್ಲಿ ಕತ್ತಲೆ, ಇಕ್ಕಟ್ಟು ಎಂಬ ಬೇಸರವೇ ಹಳೆಯ ಮನೆಯನ್ನು ಕೆಡವಿಸುತ್ತದೆ.

ನಮ್ಮ ವಿಷಯದ ಮಹತ್ವವಿರುವುದು ಇಲ್ಲಿಯೇ. ಮನೆ ಕತ್ತಲೆಯೆಂದು ಅದನ್ನು ಕೆಡವಿ ಕಾಂಕ್ರೀಟಿನ ಪೆಟ್ಟಿಗೆಯನ್ನು ಕಟ್ಟಿದವರು ಬೆಳಕನ್ನು ಪಡೆದು ತಂಪನ್ನು ಕಳೆದುಕೊಳ್ಳುವರು. ದಪ್ಪ ಗೋಡೆಯೂ ಮಣ್ಣಿನ ಮಾಳಿಗೆಯೂ ಹಾಗೆಯೇ ಇದ್ದು, ಬೆಳಕಿಂಡಿಯ ಕೆಳಗಿನ ಹಲಗೆಗಳಿಗೆ ಮೂರು ಕೈ ಬಿಳುಪು ಬಿದ್ದರೆ, ಅದೇ ಕಿಂಡಿಯಿಂದ ಬರುವ ಅದೇ ಬೆಳಕು ಕೋಣೆಗೆ ಮೊದಲಿಗಿಂತ ಬಹಳ ಹೆಚ್ಚಾಗಿ ದಕ್ಕುತ್ತದೆ. ಅಟ್ಟದಲ್ಲಿ ಕೂತು ಓದುವ ಹುಡುಗನಿಗೂ, ಕಾಳು ಆರಿಸುವ ಅಜ್ಜಿಗೂ, ನೂಲಿನ ಎಳೆಯನ್ನು ಹುಡುಕುವ ನೇಕಾರರ ಮನೆಯವರಿಗೂ ಇದು ಅಲ್ಪ ಲಾಭವಲ್ಲ. ಬಿಳಿಯ ನೆಲದ ಮೇಲೆ ಗೆದ್ದಲು ಮಣ್ಣಿನ ಸುರಂಗ ಕಟ್ಟಿಕೊಂಡು ಬಂದರೆ ಮೊದಲ ದಿನವೇ ಕಣ್ಣಿಗೆ ಬೀಳುತ್ತದೆ. ಕಪ್ಪು ಹಲಗೆಯ ಮೇಲಾದರೆ ಹಲಗೆ ಮುರಿದ ದಿನವೇ ತಿಳಿಯುವುದು.

ಕೊಳೆಯ ಆಕ್ಷೇಪಣೆಗೆ ನಮ್ಮ ಉತ್ತರವೂ ಇದೇ. ಕಪ್ಪು ನೆಲ ಕೊಳೆಯಿಲ್ಲದ ನೆಲವಲ್ಲ, ಕೊಳೆಯನ್ನು ಬಚ್ಚಿಡುವ ನೆಲ. ಬಾದಾಮಿಯ ಕೆಂಧೂಳು ಬಿಳಿಯ ಹಲಗೆಯ ಮೇಲೆ ಎದ್ದು ಕಾಣುತ್ತದೆಂಬುದು ನಿಜ. ದಿನಕ್ಕೊಮ್ಮೆ ಒದ್ದೆಬಟ್ಟೆಯಲ್ಲಿ ಒರೆಸುವ ಕೆಲಸ ಹೆಚ್ಚುತ್ತದೆಂಬುದೂ ನಿಜ. ಹೆಚ್ಚು ತುಳಿದಾಡುವ ಜಾಗದಲ್ಲಿ ಕೆಲವು ವರ್ಷಗಳಿಗೊಮ್ಮೆ ಇನ್ನೊಂದು ಕೈ ಬಳಿಯಬೇಕಾಗುತ್ತದೆ. ಆ ಶ್ರಮಕ್ಕೆ ಮನಸ್ಸಿಲ್ಲದವರು ಪಡಸಾಲೆಯ ಹಾದಿಯನ್ನು ಬಿಟ್ಟು, ಕತ್ತಲೆಯ ಅಟ್ಟಕ್ಕೂ ಮಲಗುವ ಕೋಣೆಗೂ ಮಾತ್ರ ಬಿಳುಪನ್ನು ಕೊಡಬಹುದು. ಕಲ್ಲಿಗೆ ಸುಣ್ಣ, ಮರಕ್ಕೆ ಎಣ್ಣೆಯ ಬಣ್ಣ, ಕೆತ್ತನೆಗೆ ಬರಿಯ ಒಣಬಟ್ಟೆ: ಈ ಮೂರನ್ನು ಅದಲುಬದಲು ಮಾಡದೆ ಅನುಸರಿಸಿದಲ್ಲಿ ಹಳೆಯ ಮನೆ ಬೆಳಕಿನ ಮನೆಯೂ ಆಗುತ್ತದೆ, ಮುಂದಿನವರಿಗೆ ಉಳಿಯುವ ಮನೆಯೂ ಆಗುತ್ತದೆ.